ಇಪ್ಪತ್ತೇಳು ಶತಮಾನ, ಇನ್ನೂರು ಜನ

ಮಾಲ್ಟಾ ದ್ವೀಪದ ಇಮ್ದಿನಾ ಕೋಟೆಯೊಳಗೆ ವಾಸವಾಗಿರುವವರು 2021ರ ಜನಗಣತಿಯ ಪ್ರಕಾರ ಇನ್ನೂರಕ್ಕೂ ಕಡಿಮೆ. ನಮ್ಮ ಕಡೆಯ ಸಾಧಾರಣ ಮದುವೆಯೊಂದರಲ್ಲಿ ಊರಿಗೆ ಊರೇ ಒಂದೇ ಪಂಕ್ತಿಗೆ ಕೂತು ಉಂಡು ಏಳಬಹುದು. ಹಾಗಂತ ಇದು ಕುಗ್ರಾಮವಲ್ಲ. ಕ್ರಿಸ್ತಪೂರ್ವ ಎಂಟನೇ ಶತಮಾನದ ಹೊತ್ತಿಗೆ ಫಿನಿಷಿಯನ್ನರು ನೆಲೆಯೂರಿದ ಜಾಗ ಇದು. ಅಲ್ಲಿಂದ 1530ರವರೆಗೆ, ಅಂದರೆ ಎರಡು ಸಾವಿರ ವರ್ಷಕ್ಕೂ ಮೀರಿ, ದ್ವೀಪವನ್ನು ಆಳಿದವರು ಯಾರೇ ಇರಲಿ, ಅಧಿಕಾರದ ಬೀಗದ ಕೈ ಇದ್ದದ್ದು ಈ ಗುಡ್ಡದ ಮೇಲೆ.

ಇವತ್ತಿನ ಮಾಲ್ಟಾ 316 ಚದರ ಕಿಲೋಮೀಟರಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ತುರುಕಿಕೊಂಡ ದೇಶ. ಯುರೋಪಿಯನ್ ಒಕ್ಕೂಟದಲ್ಲಿ ಜನ ಇಷ್ಟು ಒತ್ತಾಗಿರುವ ದೇಶ ಇನ್ನೊಂದಿಲ್ಲ. ರಾಜಧಾನಿ ವಲೆಟ್ಟಾದಿಂದ ಬಸ್ ಹಿಡಿದರೆ ಹತ್ತು-ಹನ್ನೆರಡು ಕಿಲೋಮೀಟರ್ ದಾರಿಯ ಬಹುಭಾಗ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ ತಿಳಿಯುವುದಿಲ್ಲ. ಕೋಟೆಬಾಗಿಲು ದಾಟಿದ ಮೇಲೆ ಮಾತ್ರ ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳತೊಡಗುತ್ತದೆ. ಒಳಗೆ ವಾಹನಗಳಿಗೆ ಕಟ್ಟುನಿಟ್ಟು: ನಿವಾಸಿಗಳ ಕೆಲವು ಕಾರು, ಆಂಬುಲೆನ್ಸಿನಂಥವು, ಮದುವೆಯ ಗಾಡಿ, ಹೆಣದ ಗಾಡಿ, ಅಷ್ಟೇ. ಹಗಲಲ್ಲಿ ಪ್ರವಾಸಿಗರ ಜಾತ್ರೆ ಇದ್ದೇ ಇರುತ್ತದೆನ್ನಿ. ಸಂಜೆಯ ಕೊನೆಯ ಗುಂಪು ಬಸ್ ಹತ್ತುವ ತನಕ ಕಾದರೆ ಊರು ನಿಜಕ್ಕೂ ಕಾಣಸಿಗುತ್ತದೆ.

ಈಗಿನ ಹೆಬ್ಬಾಗಿಲು 1724ರದ್ದು. ಮೊಂದಿಯೋನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಕಟ್ಟಿದ್ದು. ಒಣ ಕಂದಕದ ಮೇಲಿನ ಸೇತುವೆ ದಾಟಿ ಒಳಗೆ ನುಗ್ಗುವ ಮುನ್ನ ಬಲಕ್ಕೆ ತಿರುಗಿ ನೋಡಬೇಕು. ಹಳೆಯ ಬಾಗಿಲನ್ನು ಕಲ್ಲಿಟ್ಟು ಮುಚ್ಚಿದ ಗುರುತು ಗೋಡೆಯಲ್ಲಿ ಹಾಗೇ ಇದೆ. ಗೋಡೆಯ ಕಲ್ಲು ಜೇನುಬಣ್ಣದ ಸುಣ್ಣಗಲ್ಲು, ಗರಗಸಕ್ಕೆ ಸಲೀಸಾಗಿ ಬಗ್ಗುವಷ್ಟು ಮೆದು. ಗಾಳಿ-ಉಪ್ಪು ತಿಂದ ಕಡೆ ಕಲ್ಲಿನ ಮೈಯೆಲ್ಲ ಕುಳಿ ಬಿದ್ದಿದೆ. ಬೆರಳಿಟ್ಟು ಉಜ್ಜಿದರೆ ಹಳದಿ ಪುಡಿ ಅಂಟಿಕೊಳ್ಳುತ್ತದೆ. ಶತಮಾನಗಳ ಕಾಲ ಶತ್ರುಗಳನ್ನು ತಡೆದ ಗೋಡೆಯ ವಸ್ತು ಇದು ಎಂದರೆ ನಂಬಲು ತುಸು ಹೊತ್ತು ಬೇಕು.

ಇದಕ್ಕಿಂತ ಬೆರಗು ಕಂದಕದ ಆಚೆಗಿದೆ. ರೋಮನ್ನರ ಕಾಲದ ಊರು ಈಗಿನ ಕೋಟೆಯ ಸುಮಾರು ಮೂರು ಪಟ್ಟು ದೊಡ್ಡದಿತ್ತು. ಆಮೇಲೆ ಯಾವಾಗಲೋ, ಬೈಜಾಂಟಿಯನ್ನರ ಅಥವಾ ಅರಬರ ಕಾಲದಲ್ಲಿ, ಊರು ತನ್ನನ್ನು ತಾನೇ ಕತ್ತರಿಸಿಕೊಂಡಿತು. ಮೂರನೇ ಎರಡು ಪಾಲನ್ನು ಹೊರಗೆ ಬಿಟ್ಟು, ಕಾಯಲು ಆಗುವಷ್ಟಕ್ಕೆ ಮಾತ್ರ ಗೋಡೆ ಉಳಿಸಿಕೊಂಡಿತು. ಹೊರಗುಳಿದ ಭಾಗವೆಲ್ಲ ಈಗ ಪಕ್ಕದ ರಬಾತ್ ಊರಿನಡಿ ಸೇರಿದೆ. ರೋಮನ್ ಊರಿನ ಅಂಚು ಎಲ್ಲಿತ್ತೆಂದು ಹೇಳುವವರು ಅಲ್ಲಿನ ಸತ್ತವರು. ಊರೊಳಗೆ ಹೆಣ ಹೂಳಲು ರೋಮನ್ ಕಾನೂನು ಬಿಡುತ್ತಿರಲಿಲ್ಲ. ರಬಾತ್‌ನ ನೆಲದಡಿ ಎರಡು ಸಾವಿರ ಚದರ ಮೀಟರಿಗೂ ಮೀರಿ ಹರಡಿರುವ ಸಂತ ಪೌಲನ ಹೆಸರಿನ ಸಮಾಧಿ ಗುಹೆಗಳು ಎಲ್ಲಿವೆಯೋ, ಅಲ್ಲಿ ಆಗ ಊರು ಮುಗಿದಿತ್ತು ಎಂದರ್ಥ.

ಇಮ್ದಿನಾದ ಲೆಕ್ಕಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಅಡಮಾನದ ಕಥೆ. 1420ರ ದಶಕದ ಆರಂಭದಲ್ಲಿ ಅರಗಾನಿನ ರಾಜ ಐದನೇ ಅಲ್ಫಾನ್ಸೊಗೆ ಯುದ್ಧದ ಖರ್ಚಿಗೆ ದುಡ್ಡಿರಲಿಲ್ಲ. ಮಾಲ್ಟಾ ದ್ವೀಪಗಳನ್ನು ಜನರ ಸಮೇತ 30,000 ಚಿನ್ನದ ಫ್ಲಾರಿನ್‌ಗಳಿಗೆ ಒತ್ತೆ ಇಟ್ಟ. ಒತ್ತೆ ಕೊನೆಗೆ ಬಂದು ಸೇರಿದ್ದು ಮೊನ್ರೋಯ್ ಎಂಬ ಸಾಮಂತನ ಕೈಗೆ. ಅವನ ವಸೂಲಿ ತಾಳಲಾರದೆ 1426ರಲ್ಲಿ ಜನ ದಂಗೆ ಎದ್ದರು. ಆಮೇಲೆ ಅವರು ಮಾಡಿದ್ದು ಚರಿತ್ರೆಯಲ್ಲಿ ಅಪರೂಪದ ಕೆಲಸ: ‘ಆ 30,000 ನಾವೇ ಕೊಡುತ್ತೇವೆ, ನಮ್ಮನ್ನು ಬಿಡಿಸಿ’ ಎಂದು ರಾಜನ ಮುಂದೆ ನಿಂತರು. ಬಡ ದ್ವೀಪ, ಹತ್ತಿ, ಜೀರಿಗೆ ಬೆಳೆದು ಬದುಕುವವರು. ಗಡುವು ಬಂದರೂ ಪೂರ್ತಿ ಹಣ ಸೇರಲಿಲ್ಲ. ಸಾಯುವ ಮುನ್ನ ಮೊನ್ರೋಯ್ ಬಾಕಿಯ ಒಂದು ಪಾಲನ್ನು ಬಿಟ್ಟುಕೊಟ್ಟದ್ದರಿಂದ ಲೆಕ್ಕ ಚುಕ್ತಾ ಆಯಿತು. ದ್ವೀಪವನ್ನು ಇನ್ನೆಂದೂ ಪರಭಾರೆ ಮಾಡುವುದಿಲ್ಲ ಎಂದು ರಾಜ ಸನ್ನದು ಬರೆದುಕೊಟ್ಟ. ಸುಮಾರು ಒಂದು ಶತಮಾನದಲ್ಲಿ ಅದನ್ನು ಮರೆತು ಸಂತ ಜಾನ್ ಪಂಥದ ನೈಟ್‌ಗಳಿಗೆ ದ್ವೀಪವನ್ನು ಕೊಟ್ಟದ್ದೂ ಅದೇ ಸಿಂಹಾಸನವೇ. ವರ್ಷದ ಕಂದಾಯ, ಒಂದು ಡೇಗೆ ಹಕ್ಕಿ. ಒಮ್ಮೆ 30,000 ಫ್ಲಾರಿನ್, ಇನ್ನೊಮ್ಮೆ ಒಂದು ಹಕ್ಕಿ: ರಾಜರ ಬೆಲೆ ಕಟ್ಟುವಿಕೆಯೇ ಹೀಗೆ.

ಸಾಲ ತೀರುವ ಹೊತ್ತಿಗೇ, 1429ರಲ್ಲಿ, ಟ್ಯುನಿಸಿನ ಹಫ್ಸಿದ್ ಅರಸರ ದಂಡು ಬಂತು. 18,000 ಮಂದಿ ಎಂಬುದು ಹಳೆಯ ಲೆಕ್ಕ. ದ್ವೀಪದ ಒಟ್ಟು ಜನಸಂಖ್ಯೆಯೇ ಅಷ್ಟಿರಲಿಲ್ಲ. ಹಳ್ಳಿಗಳು ಸೂರೆ ಹೋದವು, ಸಾವಿರಾರು ಜನ ಗುಲಾಮರಾಗಿ ಹೋದರು. ಇಮ್ದಿನಾ ಮಾತ್ರ ಬೀಳಲಿಲ್ಲ.

1565ರಲ್ಲಿ ನೈಟ್‌ಗಳ ವಶದಲ್ಲಿದ್ದ ದ್ವೀಪಕ್ಕೆ ಒಟ್ಟೋಮನ್ ತುರ್ಕರು ಹಾಕಿದ ಮಹಾಮುತ್ತಿಗೆಯಲ್ಲಿ ಅವರ ಸೇನೆ 30,000ಕ್ಕೂ ಹೆಚ್ಚು ಎಂದು ಅಂದಾಜು. ಆಗಿನ ಕಾಳಗವೆಲ್ಲ ಬಂದರಿನ ಕಡೆ. ಆಗಸ್ಟ್ 7ರಂದು ಕರಾವಳಿಯ ಕೋಟೆಗಳು ಇನ್ನೇನು ಬಿದ್ದವು ಎನ್ನುವಾಗ ಇಮ್ದಿನಾದ ಸಣ್ಣ ಕುದುರೆ ದಳ ಗುಡ್ಡ ಇಳಿದು, ಕಾವಲಿಲ್ಲದ ಶತ್ರು ಬಿಡಾರದ ಮೇಲೆ ಬಿತ್ತು. ಗಾಯಾಳುಗಳನ್ನೂ ಬಿಡದೆ ಕಡಿದರು. ವೀರಗಾಥೆ ಹಾಡುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಸಿಸಿಲಿಯಿಂದ ದೊಡ್ಡ ಸೈನ್ಯವೇ ಬಂತೆಂದು ನಂಬಿದ ಒಟ್ಟೋಮನ್ನರು ಕೈಗೆ ಬಂದಿದ್ದ ಗೆಲುವನ್ನು ಬಿಟ್ಟು ಹಿಂದೆ ಓಡಿದರು. ಕೆಲವೇ ಕುದುರೆಗಳು ಸಾವಿರಾರು ಜನರ ಲೆಕ್ಕ ತಪ್ಪಿಸಿದ ದಿನ ಅದು. ಮುಂದೆ ಶತ್ರು ಈ ಗುಡ್ಡದತ್ತಲೇ ಕಣ್ಣು ಹಾಕಿದಾಗ, ಇಲ್ಲಿನ ಗವರ್ನರ್ ರೈತರಿಗೂ ಹೆಂಗಸರಿಗೂ ಸೈನಿಕರ ಉಡುಪು ತೊಡಿಸಿ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದನಂತೆ. ಕೆಳಗಿನಿಂದ ಎಣಿಸಿದವರು ಹಿಂದಿರುಗಿದರು.

ಗೆದ್ದದ್ದೇ ಊರಿಗೆ ಮುಳುವಾಯಿತು. ಮರುವರ್ಷ, 1566ರಲ್ಲಿ, ನೈಟ್‌ಗಳು ಬಂದರಿನ ಪಕ್ಕ ವಲೆಟ್ಟಾ ಕಟ್ಟಲು ಹೊರಟರು. ಜನ, ಹಣ, ಕಚೇರಿ ಎಲ್ಲ ಅತ್ತ ಜಾರಿದವು. ಇಮ್ದಿನಾಕ್ಕೆ ‘ಹಳೇ ಪಟ್ಟಣ’ ಎಂಬ ಹೆಸರು ಅಂಟಿತು.

1693ರ ಜನವರಿ 11ರ ಭೂಕಂಪ ಸಿಸಿಲಿಯಲ್ಲಿ ಸುಮಾರು 60,000 ಜನರನ್ನು ಕೊಂದಿತು. ಕಡಲಾಚೆಯ ಇಮ್ದಿನಾದ ಕ್ಯಾಥೆಡ್ರಲ್ಲೂ ಭಾಗಶಃ ಕುಸಿಯಿತು. ಸೋಜಿಗವೆಂದರೆ, ಹೊಸ ಕ್ಯಾಥೆಡ್ರಲಿನ ನಕ್ಷೆ ಹಿಂದಿನ ವರ್ಷವೇ ತಯಾರಿತ್ತು. ಲೊರೆಂಜೊ ಗಫಾ ಎಂಬ ಮಾಲ್ಟೀಸ್ ವಾಸ್ತುಶಿಲ್ಪಿ 1692ರಲ್ಲೇ ಕೊಟ್ಟಿದ್ದ. 1702ಕ್ಕೆ ಪ್ರತಿಷ್ಠಾಪನೆ, 1705ಕ್ಕೆ ಗುಮ್ಮಟ. ಈಗಲೂ ಅರ್ಧ ದ್ವೀಪಕ್ಕೆ ಕಾಣುವ ಗುಮ್ಮಟ ಅದು. ಮುಂಭಾಗದ ಎರಡು ಗೋಪುರಗಳಲ್ಲಿ ಒಂದು ಗಡಿಯಾರ ಗಂಟೆ ತೋರಿಸಿದರೆ ಇನ್ನೊಂದು ತಾರೀಖು ತೋರಿಸುತ್ತದೆ.

ಕೋಟೆಯ ತುದಿಯ ಬುರುಜಿನ ಮೇಲೆ ನಿಂತರೆ ದೇಶದ ಬಹುಪಾಲು ಒಂದೇ ನೋಟಕ್ಕೆ ಸಿಗುತ್ತದೆ. ಕೆಳಗೆ ತಾ’ ಆಲಿ, ಎರಡನೇ ಮಹಾಯುದ್ಧದ ವಿಮಾನ ನಿಲ್ದಾಣವಿದ್ದ ಬಯಲು; ಅಲ್ಲಿನ ಪೈಲಟ್‌ಗಳ ಬಿಡಾರ ಈ ಕೋಟೆಯೊಳಗಿನ ಅರಮನೆಯೊಂದರಲ್ಲಿತ್ತು. ಅದರಾಚೆ ಮೋಸ್ತಾ ಚರ್ಚಿನ ಗುಮ್ಮಟ, ಒಳವ್ಯಾಸ ಸುಮಾರು 37 ಮೀಟರ್. 1942ರ ಏಪ್ರಿಲ್ 9ರಂದು ಜರ್ಮನ್ ಬಾಂಬೊಂದು ಅದನ್ನು ತೂತು ಮಾಡಿ, ಪ್ರಾರ್ಥನೆಗೆ ಸೇರಿದ್ದ ಇನ್ನೂರೈವತ್ತು-ಮುನ್ನೂರು ಜನರ ನಡುವೆ ಬಿದ್ದು, ಸಿಡಿಯದೆ ಉರುಳಿತು.

ಹಳೇ ಪಟ್ಟಣಕ್ಕೆ ಈಗಲೂ ತನ್ನದೇ ಸ್ಥಳೀಯ ಆಡಳಿತ ಮಂಡಳಿಯಿದೆ, ಮೇಯರ್ ಇದ್ದಾರೆ. ಮಾಲ್ಟಾದ ಕಾನೂನು ಎಷ್ಟೇ ಚಿಕ್ಕ ಊರಿಗೂ ಐವರು ಸದಸ್ಯರಿಗಿಂತ ಕಡಿಮೆ ಕೊಡುವುದಿಲ್ಲ. ಹೀಗಾಗಿ ಇಮ್ದಿನಾದಲ್ಲಿ ನಲವತ್ತು ಜನರೂ ಇಲ್ಲದ ಲೆಕ್ಕಕ್ಕೆ ಒಬ್ಬ ಕೌನ್ಸಿಲರ್. ಮತ ಕೇಳಲು ಬಂದವರಿಗೆ ಪ್ರತಿ ಮನೆಯ ಅಜ್ಜಿಯ ಮಂಡಿನೋವಿನ ಕಥೆಯೂ ಗೊತ್ತಿರಲೇಬೇಕು.