ಡೆಬ್ಸ್ ಹೆಸರಿಗೆ ಬಂದ ಟಪಾಲು

1894ರ ಜುಲೈ 10. ಶಿಕಾಗೋದ ಅಮೆರಿಕನ್ ರೈಲ್ವೆ ಯೂನಿಯನ್ ಕಚೇರಿಗೆ ನುಗ್ಗಿದ ಸರ್ಕಾರಿ ಅಧಿಕಾರಿಗಳು ದಫ್ತರದ ಜೊತೆಗೆ, ಅಧ್ಯಕ್ಷ ಯುಜೀನ್ ಡೆಬ್ಸ್ ಹೆಸರಿಗೆ ಬಂದು ಇನ್ನೂ ಒಡೆಯದೆ ಬಿದ್ದಿದ್ದ ಖಾಸಗಿ ಪತ್ರಗಳನ್ನೂ ಹೊತ್ತೊಯ್ದರು. ಯೂನಿಯನ್ ಮೇಲೆ ಹೊರಿಸಿದ್ದ ದೊಡ್ಡ ಆರೋಪವೆಂದರೆ ಅಂಚೆ ಸಾಗಣೆಗೆ ಅಡ್ಡಿಪಡಿಸಿದ್ದು. ಪರರ ಲಕೋಟೆ ಒಡೆಯಬಾರದೆಂಬುದನ್ನೇ ಮೊದಲ ಪಾಠವಾಗಿ ಕಲಿತು, ಹುಬ್ಬಳ್ಳಿಯ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ (ಆರ್‌ಎಂಎಸ್) ಸಾರ್ಟರ್ ಆಗಿ ಸೇವೆ ಮುಗಿಸಿದವನು ನಾನು. ಇದನ್ನು ಓದಿ ಬಂದ ಸಿಟ್ಟು ಇನ್ನೂ ಆರಿಲ್ಲ. ಪತ್ರಗಳನ್ನು ಆಮೇಲೆ ಹಿಂದಿರುಗಿಸಬೇಕಾಯಿತು, ಅದು ಬೇರೆ ಮಾತು.

ಡೆಬ್ಸ್ ಇಂಡಿಯಾನಾ ರಾಜ್ಯದ ಟೆರೆ ಹೋಟ್ ಊರಿನವರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ರೈಲ್ವೆ ವರ್ಕ್‌ಶಾಪಿನಲ್ಲಿ ಹಳೆಯ ಬಣ್ಣ ಕೆರೆದರು, ಆಮೇಲೆ ಎಂಜಿನ್‌ಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಆದರು. 1880ರಲ್ಲಿ ಫೈರ್‌ಮನ್‌ಗಳ ಸಂಘ ತನ್ನ ಮಾಸಪತ್ರಿಕೆಯ ಸಂಪಾದಕತ್ವವನ್ನೂ ಕಾರ್ಯದರ್ಶಿ, ಖಜಾಂಚಿಯ ಹೊಣೆಯನ್ನೂ ಅವರಿಗೇ ಒಪ್ಪಿಸಿತು. ಆಗಿನ ರೈಲ್ವೆ ಸಂಘಗಳಿಗೆ ಮುಖ್ಯ ಕೆಲಸವೆಂದರೆ ವಿಮೆ. ಡಬ್ಬಿ ಜೋಡಿಸುವಾಗ ಕೈ ಕಳೆದುಕೊಂಡವರಿಗೆ, ಸತ್ತವರ ಹೆಂಡಿರು ಮಕ್ಕಳಿಗೆ ಹಣ ಮುಟ್ಟಿಸಬೇಕಿತ್ತು. ಸಂಪಾದಕೀಯ ಬರೆಯುವ ಕೈಯೇ ವಿಧವೆಯ ಪಾಲನ್ನೂ ಲೆಕ್ಕ ಹಾಕುತ್ತಿತ್ತು. ಊರೂರಿನ ಶಾಖೆಗಳಿಂದ ಕಾಗದ ಬರುತ್ತಿತ್ತು, ಅವುಗಳಲ್ಲಿ ಕೆಲವು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ನನ್ನ ಮಟ್ಟಿಗೆ ಡೆಬ್ಸ್ ಅವರನ್ನು ಬೆಳೆಸಿದ್ದು ಈ ಟಪಾಲೇ. (ನಮ್ಮಲ್ಲಿ 1974ರ ರೈಲ್ವೆ ಮುಷ್ಕರ ನಡೆಸಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೂಡ ಪತ್ರಿಕೆ ಸಂಪಾದಿಸಿ ಬಂದವರೇ.)

ಡ್ರೈವರ್‌ಗಳಿಗೊಂದು, ಫೈರ್‌ಮನ್‌ಗಳಿಗೊಂದು, ಗಾರ್ಡ್‌ಗಳಿಗೊಂದು ಸಂಘ. 1888ರಲ್ಲಿ ಬರ್ಲಿಂಗ್ಟನ್ ರೈಲ್ವೆಯ ಡ್ರೈವರ್‌ಗಳೂ ಫೈರ್‌ಮನ್‌ಗಳೂ ಮುಷ್ಕರ ಹೂಡಿ ಸೋತರು. ಒಬ್ಬ ಇಳಿದ ಎಂಜಿನ್ನನ್ನು ಇನ್ನೊಬ್ಬ ಹತ್ತುವುದಾದರೆ ಗೆಲುವೆಲ್ಲಿಂದ ಬರಬೇಕು? 1893ರಲ್ಲಿ ಡೆಬ್ಸ್ ಎಲ್ಲ ಕೆಲಸದವರಿಗೂ ಒಂದೇ ಸಂಘವಾಗಿ ಅಮೆರಿಕನ್ ರೈಲ್ವೆ ಯೂನಿಯನ್ ಕಟ್ಟಿದರು. ಮರುವರ್ಷದ ಏಪ್ರಿಲ್‌ನಲ್ಲಿ ಅದು ಗ್ರೇಟ್ ನಾರ್ದರ್ನ್ ರೈಲ್ವೆಯನ್ನು 18 ದಿನಗಳಲ್ಲಿ ಮಣಿಸಿತು. ಸದಸ್ಯರು ಸುಮಾರು ಒಂದೂವರೆ ಲಕ್ಷಕ್ಕೇರಿದರು.

ಆಗ ಪುಲ್‌ಮನ್ ಪ್ರಕರಣ ಬಂತು. ಸ್ಲೀಪರ್ ಬೋಗಿ ಕಟ್ಟುವ ಆ ಕಂಪನಿ ಕೂಲಿ ಕಡಿತ ಮಾಡಿತು, ಆದರೆ ತನ್ನದೇ ಊರಿನಲ್ಲಿ ಕೆಲಸಗಾರರಿಂದ ವಸೂಲು ಮಾಡುವ ಮನೆಬಾಡಿಗೆ ಇಳಿಸಲಿಲ್ಲ. ಜೂನ್ 26ರಿಂದ ಯೂನಿಯನ್ ಪುಲ್‌ಮನ್ ಬೋಗಿಗಳನ್ನು ಬಹಿಷ್ಕರಿಸಿತು. ಮೇಲ್ ವ್ಯಾನಿನಲ್ಲಿ ರಾತ್ರಿಯಿಡೀ ನಿಂತು ಕಾಗದ ವಿಂಗಡಿಸಿದವರಿಗೆ ಚೆನ್ನಾಗಿ ಗೊತ್ತು: ಐಷಾರಾಮಿ ಬೋಗಿ ಬಿಚ್ಚಿಟ್ಟರೆ ಅಂಚೆಯ ಒಂದು ಚೀಲವೂ ತಡವಾಗುವುದಿಲ್ಲ. ಯೂನಿಯನ್ ಹೇಳಿದ್ದೂ ಅಷ್ಟೇ. ಪುಲ್‌ಮನ್ ಬೋಗಿ ಬಿಡಿ, ಅಂಚೆ ಗಾಡಿ ನಾವೇ ಓಡಿಸುತ್ತೇವೆ. ಕಂಪನಿಗಳು ಒಪ್ಪಲಿಲ್ಲ. ರೈಲ್ವೆ ಕಂಪನಿಗಳ ವಕೀಲರಾಗಿದ್ದ ಅಟಾರ್ನಿ ಜನರಲ್ ರಿಚರ್ಡ್ ಓಲ್ನಿ ಕಂಪನಿಗಳ ಬೆನ್ನಿಗೆ ನಿಂತರು. ಜುಲೈ 2ರಂದು ತಡೆಯಾಜ್ಞೆ ಬಂತು, ಹಿಂದೆಯೇ ಸೈನ್ಯ ಬಂತು.

ಆ ತಡೆಯಾಜ್ಞೆ ಭಯಂಕರವಾದದ್ದು. ಕೆಲಸ ಬಿಡಿರೆಂದು ಮಾತಿನಿಂದ ಒಲಿಸುವುದನ್ನೂ ಅದು ನಿಷೇಧಿಸಿತು. ಹಾಗಾಗಿ ಯೂನಿಯನ್ ಕಳಿಸಿದ ಒಂದೊಂದು ತಂತಿಯೂ ಸಾಕ್ಷ್ಯವಾಯಿತು. ಮೊಂಟಾನಾದ ಬ್ಯೂಟ್ ಊರಿಗೆ ಹೋದ ಒಂದು ತಂತಿಯಲ್ಲಿ, ದುಡ್ಡು ಉಳಿಸಿ ಬಂದೂಕು ಕೊಳ್ಳಿ ಎಂಬರ್ಥದ ಮಾತಿತ್ತು. ಕೆಳಗೆ ಡೆಬ್ಸ್ ಹೆಸರು. ಅದನ್ನು ಕಳಿಸಿದವನು ಕಚೇರಿಯ ಗುಮಾಸ್ತ, ಮೊಂಟಾನಾದ ಕಡೆಯವನು, ಅದು ಅಲ್ಲಿಯ ಜನರ ಬಾಯಿಮಾತು ಎಂದು ಡೆಬ್ಸ್ ಮುಷ್ಕರದ ತನಿಖಾ ಆಯೋಗದ ಮುಂದೆ ವಿವರಿಸಿದರು. ಡೆಬ್ಸ್ ಮೇಲೆ ಹೂಡಿದ್ದ ಪಿತೂರಿ ಮೊಕದ್ದಮೆ ನಡುವೆಯೇ ನಿಂತುಹೋಯಿತು. ನ್ಯಾಯಾಂಗ ನಿಂದನೆಗೆ ಮಾತ್ರ ಆರು ತಿಂಗಳ ಸೆರೆಯಾಯಿತು. ಆ ವಿಚಾರಣೆಯಲ್ಲಿ ಜ್ಯೂರಿಯೇ ಇರಲಿಲ್ಲ.

ಜೈಲು ಅವರ ರಾಜಕೀಯ ಬದಲಿಸಿತು ಎನ್ನುತ್ತಾರೆ. ಅದು ಒಂದೇ ರಾತ್ರಿಯ ಬದಲಾವಣೆಯಲ್ಲ. 1896ರ ಜುಲೈನಲ್ಲಿ ಅವರು ಅಧ್ಯಕ್ಷೀಯ ಅಭ್ಯರ್ಥಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್‌ಗೆ ಬೆಂಬಲ ಸೂಚಿಸಿ ಪತ್ರ ಬರೆದರು. ಬ್ರಯಾನ್ ಸೋತರು. 1897ರ ಜನವರಿ 1ರಂದು ಯೂನಿಯನ್ ಪತ್ರಿಕೆ ‘ರೈಲ್ವೆ ಟೈಮ್ಸ್’ ಮೂಲಕ ಸದಸ್ಯರಿಗೆ ಬಹಿರಂಗ ಪತ್ರ ಬರೆದು, ತಾನಿನ್ನು ಸಮಾಜವಾದಿ ಎಂದು ಸಾರಿದರು. ತನ್ನ ನಿಲುವನ್ನು ಮೊದಲು ರೈಲ್ವೆ ಕೆಲಸಗಾರರಿಗೆ ತಿಳಿಸಿದ್ದನ್ನು ನಾನು ಬಹಳ ಗೌರವಿಸುತ್ತೇನೆ.

ಮೊದಲ ಮಹಾಯುದ್ಧದ ವಿರುದ್ಧ ಮಾತಾಡಿದ್ದಕ್ಕೆ 1918ರಲ್ಲಿ ಹತ್ತು ವರ್ಷಗಳ ಶಿಕ್ಷೆಯಾಯಿತು. 1920ರಲ್ಲಿ ಅಟ್ಲಾಂಟಾ ಜೈಲಿನಿಂದಲೇ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಅಲ್ಲಿ ಪತ್ರ ಬರೆಯಲೂ ಕಟ್ಟುಪಾಡು. ಹೊರಗಿನ ಪತ್ರವ್ಯವಹಾರವನ್ನು ತಮ್ಮ ಥಿಯೋಡೋರ್ ನೋಡಿಕೊಂಡರು. ಡೆಬ್ಸ್ ಅವರ ಪತ್ರಗಳಲ್ಲಿ ಆಯ್ದವು 1990ರಲ್ಲಿ ಮೂರು ಸಂಪುಟಗಳಾಗಿ ಬಂದಿವೆ.

ಒಂದು ಸಂಗತಿ ಮಾತ್ರ ಈಗಲೂ ನೋಯಿಸುತ್ತದೆ. ಯೂನಿಯನ್‌ನ 1894ರ ಅಧಿವೇಶನದಲ್ಲಿ, ಕರಿಯ ಕೆಲಸಗಾರರಿಗೆ ಸದಸ್ಯತ್ವ ಬೇಡವೆಂದು 112 ಮಂದಿ, ಕೊಡಬೇಕೆಂದು 100 ಮಂದಿ ಮತ ಹಾಕಿದರು. ಸೇರಿಸಿಕೊಳ್ಳಿರೆಂದು ಡೆಬ್ಸ್ ವಾದಿಸಿದರು, ಫಲಿಸಲಿಲ್ಲ. ಪುಲ್‌ಮನ್ ಬೋಗಿಗಳಲ್ಲಿ ಹಾಸಿಗೆ ಹಾಸುತ್ತಿದ್ದ ಸಾವಿರಾರು ಪೋರ್ಟರ್‌ಗಳು ಕರಿಯರೇ. ಅವರ ಸಂಘವನ್ನು 1925ರಲ್ಲಿ ಕಟ್ಟಿದವರು ಇನ್ನೊಬ್ಬ ಸಂಪಾದಕ, ‘ಮೆಸೆಂಜರ್’ ಪತ್ರಿಕೆಯ ಎ. ಫಿಲಿಪ್ ರಾಂಡಾಲ್ಫ್. ಪುಲ್‌ಮನ್ ಕಂಪನಿ ಅವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ. ಆ ಹೊತ್ತಿಗೆ ಡೆಬ್ಸ್ ತೀರಿಕೊಂಡು ಹನ್ನೊಂದು ವರ್ಷ ಸಮೀಪಿಸಿತ್ತು.