ನೂಲಿನಂತೆ ಸೀರೆಯೆ?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಗೋಕಾಕ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಘಟಪ್ರಭೆಯ ಜಲಪಾತದ ಬದಿಯಲ್ಲಿ 1885ರಲ್ಲಿ ಆರಂಭವಾದ ಗಿರಣಿಯ ದೆಸೆಯಿಂದ ನೂಲಿನ ಗುಣವನ್ನು ಅವರು ತಲೆಮಾರುಗಳಿಂದ ಬಲ್ಲರು. ಆದರೆ ಈ ಗಾದೆ ಶಾಲೆಯ ಹೊಸ್ತಿಲು ದಾಟಿದೊಡನೆ ಕ್ರೂರವಾಗುತ್ತದೆ. “ಮನೆಯಲ್ಲಿ ಓದು ಬಲ್ಲವರಿಲ್ಲ, ಈ ಹುಡುಗ ಎಲ್ಲಿಂದ ಕಲಿತಾನು?” ಎಂಬ ಉದ್ಗಾರ ಅಧ್ಯಾಪಕರಾದ ನಮ್ಮ ನಡುವೆ ಕೇಳಿಬರುವುದುಂಟು. ಅದರಲ್ಲಿ ದಿಟವೆಷ್ಟು, ಹುಸಿಯೆಷ್ಟು?

ದಿಟವಿಲ್ಲದೆ ಇಲ್ಲ. ಗೋಕಾಕ, ಹುಕ್ಕೇರಿ, ಹಾಗೂ ಮುಂದೆ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ, ಇವೆಲ್ಲ ಸೇರಿರುವ ಬೆಳಗಾವಿ ಜಿಲ್ಲೆಯಲ್ಲಿ, 2011ರ ಜನಗಣತಿಯಂತೆ, ಏಳು ವರ್ಷ ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ ಸುಮಾರು 82 ಮಂದಿ ಅಕ್ಷರಸ್ಥರು. ಹೆಂಗಸರಲ್ಲಿ ಸುಮಾರು 65. ಆ ವರ್ಷ ಒಂದನೆಯ ಇಯತ್ತೆಗೆ ಕಾಲಿಟ್ಟ ಮಕ್ಕಳು ಇಂದು ಕಾಲೇಜಿನ ವಯಸ್ಸಿನವರು. ಅವರಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಪುಸ್ತಕ ತೆರೆದು ತೋರಿಸುವವರಿರಲಿಲ್ಲ. ಓದು ಬಲ್ಲ ತಂದೆತಾಯಿ ಮಾಡುವುದು ಪಾಠ ಹೇಳುವುದೊಂದನ್ನೇ ಅಲ್ಲ. ಅರ್ಜಿಯ ಕೊನೆಯ ದಿನಾಂಕವನ್ನು ಅವರು ಅರಿಯುತ್ತಾರೆ. ವಿದ್ಯಾರ್ಥಿವೇತನದ ಕಾಗದವನ್ನು ತಾವೇ ತುಂಬುತ್ತಾರೆ. ಮಾಸ್ತರರನ್ನು ಅಳುಕದೆ ಪ್ರಶ್ನಿಸುತ್ತಾರೆ.

ಆದರೆ ಅಕ್ಷರವು ಮನೆಗೆ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಗೆ ಹೊಲ, ಸಂಬಳ, ಬಿಡುವು ಇವೂ ಬರುತ್ತವೆ. ಕಬ್ಬಿನ ಸುಗ್ಗಿಯಲ್ಲಿ ಕೂಸನ್ನು ನೋಡಿಕೊಳ್ಳಲು ಹಿರಿಯ ಹುಡುಗಿ ಶಾಲೆ ಬಿಟ್ಟು ಮನೆಯಲ್ಲುಳಿದರೆ, ಅದು ತಾಯಿಯ ಅಜ್ಞಾನವಲ್ಲ, ಹೊಟ್ಟೆಯ ಕಟ್ಟಳೆ. ಬಡತನದ ಪಾಪವನ್ನೆಲ್ಲ ಹೆಬ್ಬೆಟ್ಟಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಅನಕ್ಷರತೆ ಮೂಕತನವೂ ಅಲ್ಲ. ಕುಲಗೋಡ ತಮ್ಮಣ್ಣನ ಕೈಯಲ್ಲಿ ರೂಪ ತಳೆದು, ಕೌಜಲಗಿ ನಿಂಗಮ್ಮನ ಕಂಠದಲ್ಲಿ ಮನೆಮಾತಾದ ಶ್ರೀಕೃಷ್ಣ ಪಾರಿಜಾತವನ್ನು ಬೆಳತನಕ ಕುಳಿತು ಸವಿದವರು ಈ ನೆಲದ ಜನ. ಇದೇ ಸೀಮೆಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು ಜನಪದ ಗೀತೆಗಳನ್ನು ಅಕ್ಕರೆಯಿಂದ ಸಂಗ್ರಹಿಸಿದರು. ಅಂಥ ಮನೆಯ ಮಗು ಬರಿಗೈಯಿಂದ ಶಾಲೆಗೆ ಬರುವುದಿಲ್ಲ. ಒಂದು ಭಾಷೆಯನ್ನೇ ಹೊತ್ತು ತರುತ್ತದೆ. ಅದನ್ನು ಇಳಿಸಿಕೊಳ್ಳುವ ಸೌಜನ್ಯ ನಮಗಿರಬೇಕು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ಥಾನಗಳನ್ನು ತಂದೆತಾಯಂದಿರಿಗೂ ಪೋಷಕರಿಗೂ, ಒಟ್ಟು ಸ್ಥಾನಗಳಲ್ಲಿ ಅರ್ಧವನ್ನು ಸ್ತ್ರೀಯರಿಗೂ ಮೀಸಲಿಟ್ಟಿದೆ. ಕಾನೂನು ಆಕೆಗೆ ಪೀಠ ಕೊಟ್ಟಿತು. ಠರಾವನ್ನು ಓದಿ ಹೇಳಿ, ಆಕೆಯ ಮಾತು ಕೇಳಿದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನಮ್ಮ ಕೆಲಸ. ಮುಂದೆ ಆ ಹೆಬ್ಬೆಟ್ಟೇ ಸಹಿಯಾಗುವಂತೆ ಸಂಜೆಯ ಪಾಠವನ್ನೂ ನಡೆಸಬೇಕು.

ಮನೆಯು ಕೊಡಲಾರದುದನ್ನು ಕೊಡುವುದಕ್ಕಾಗಿಯೇ ಅಲ್ಲವೆ ಊರು ಶಾಲೆ ಕಟ್ಟಿದ್ದು? ಓದಿದವರ ಮಕ್ಕಳನ್ನು ಮಾತ್ರ ಓದಿಸಬಲ್ಲ ಶಾಲೆ ಹೊಸದಾಗಿ ಏನನ್ನೂ ಮಾಡಿದಂತಾಗಲಿಲ್ಲ. ನೂಲನ್ನು ಹಳಿಯುವ ನೇಕಾರನು ಒಮ್ಮೆ ತನ್ನ ಮಗ್ಗದ ಕಡೆಗೂ ನೋಡಲಿ.