ಅರವತ್ತು ರೂಪಾಯಿಯ ಲೆಕ್ಕ: ‘ಯಶಸ್ವಿನಿ’ ಕಲಿಸಿದ ಪಾಠ

ರೈತ ಕುಟುಂಬವೊಂದು ಸಾಲದ ಸುಳಿಗೆ ಸಿಲುಕಲು ಬೆಳೆ ನಷ್ಟವೊಂದೇ ಕಾರಣವಲ್ಲ. ಅನಿರೀಕ್ಷಿತವಾಗಿ ಎದುರಾಗುವ ಒಂದು ಶಸ್ತ್ರಚಿಕಿತ್ಸೆಯೂ ಹಲವು ವರ್ಷಗಳ ಉಳಿತಾಯವನ್ನು ಒಂದೇ ವಾರದಲ್ಲಿ ಕರಗಿಸಬಲ್ಲದು. ಗ್ರಾಹಕನ ಕೈ ಬರಿದಾದಾಗ ಊರಿನ ಕಿರಾಣಿ ಅಂಗಡಿಯ ಉದ್ರಿ ಖಾತೆಯೂ ಬೆಳೆಯುತ್ತದೆ. ಆದ್ದರಿಂದ ಗ್ರಾಮೀಣ ಆರೋಗ್ಯವು ವರ್ತಕ ಸಮುದಾಯಕ್ಕೂ ಸಂಬಂಧಿಸಿದ ವಿಷಯವಾಗಿದೆ.

ಕರ್ನಾಟಕದಲ್ಲಿ 2003ರ ಜೂನ್‌ನಿಂದ ಜಾರಿಗೆ ಬಂದ ‘ಯಶಸ್ವಿನಿ’ ಯೋಜನೆಯು ಈ ದಿಸೆಯಲ್ಲಿ ಮಹತ್ವದ ಪ್ರಯೋಗ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರು ಇದರ ರೂಪುರೇಷೆಯಲ್ಲಿ ಪ್ರಮುಖ ಪಾತ್ರ ವಹಿಸಿದ್ದರು. ಸಹಕಾರ ಸಂಘದ ಸದಸ್ಯನು ವರ್ಷಕ್ಕೆ 60 ರೂ. ಪಾವತಿಸಿದರೆ, ಸರ್ಕಾರವು 30 ರೂ. ಸೇರಿಸುತ್ತಿತ್ತು. ಶಸ್ತ್ರಚಿಕಿತ್ಸೆಗಳ ದರವನ್ನು ಆಸ್ಪತ್ರೆಗಳೊಂದಿಗೆ ಮೊದಲೇ ನಿಗದಿಪಡಿಸಲಾಗಿತ್ತು. ವಂತಿಗೆಯನ್ನು ಸಹಕಾರ ಸಂಘಗಳೇ ಸಂಗ್ರಹಿಸಿದ್ದರಿಂದ ಆಡಳಿತ ವೆಚ್ಚವೂ ಮಿತಿಯಲ್ಲಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ನೋಂದಾಯಿಸಿಕೊಂಡರು.

ಮೂರನೆಯ ವರ್ಷ ವಂತಿಗೆಯನ್ನು 120 ರೂ.ಗೆ ಏರಿಸಿದಾಗ ಸದಸ್ಯರ ಸಂಖ್ಯೆ ಕುಸಿಯಿತು. ದರ ಏರಿದರೆ ಆರೋಗ್ಯವಂತರು ಹೊರನಡೆಯುವ, ಕಾಯಿಲೆಯುಳ್ಳವರು ಮಾತ್ರ ಉಳಿಯುವ ಅಪಾಯ ಎಲ್ಲ ವಿಮೆಗಳಿಗೂ ಇದೆ. ದರ ಏರಿಸದಿದ್ದರೆ ನಿಧಿ ಬರಿದಾಗುತ್ತದೆ. ಈ ಅಂತರವನ್ನು ತುಂಬುವ ಹೊಣೆ ಅಂತಿಮವಾಗಿ ಸರ್ಕಾರದ್ದೇ.

ಅಷ್ಟೂ ಪಾವತಿಸಲಾಗದವರಿಗಾಗಿ 2010ರಲ್ಲಿ ಕಲಬುರಗಿ ವಿಭಾಗದಿಂದ ‘ವಾಜಪೇಯಿ ಆರೋಗ್ಯಶ್ರೀ’ ಆರಂಭವಾಯಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು ಯಾವುದೇ ವಂತಿಗೆ ನೀಡಬೇಕಿರಲಿಲ್ಲ. ಗ್ರಾಮೀಣ ಶಿಬಿರಗಳಲ್ಲಿ ರೋಗಿಗಳನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸಲಾಗುತ್ತಿತ್ತು. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಅಧ್ಯಯನದಂತೆ, ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಅದರ ವ್ಯಾಪ್ತಿಯ ಕಾಯಿಲೆಗಳಿಂದಾದ ಮರಣ ಪ್ರಮಾಣವು ಯೋಜನೆಯಿಲ್ಲದ ಹಳ್ಳಿಗಳಿಗಿಂತ ಶೇ. 64ರಷ್ಟು ಕಡಿಮೆಯಿತ್ತು. ಸರ್ಕಾರದ ವೆಚ್ಚಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರತಿಫಲ ಅಪರೂಪ.

ಈ ಯೋಜನೆಗಳನ್ನು 2018ರಲ್ಲಿ ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನಗೊಳಿಸಲಾಯಿತು. ಸಹಕಾರಿಗಳ ಒತ್ತಾಯದ ಮೇರೆಗೆ ‘ಯಶಸ್ವಿನಿ’ಯ ನೋಂದಣಿ 2022ರಲ್ಲಿ ಪುನರಾರಂಭವಾಯಿತು. ಆಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ 500 ರೂ. ವಂತಿಗೆ ಹಾಗೂ ವಾರ್ಷಿಕ 5 ಲಕ್ಷ ರೂ. ಚಿಕಿತ್ಸಾ ಮಿತಿಯನ್ನು ನಿಗದಿಪಡಿಸಲಾಯಿತು.

ಆದರೆ ಕಾರ್ಡು ಕೈಯಲ್ಲಿದ್ದ ಮಾತ್ರಕ್ಕೆ ಆಸ್ಪತ್ರೆ ಹತ್ತಿರ ಬರುವುದಿಲ್ಲ. ತಜ್ಞ ವೈದ್ಯರು ಕೆಲವೇ ನಗರಗಳಲ್ಲಿ ನೆಲೆಸಿರುವಾಗ ದೂರದ ತಾಲ್ಲೂಕಿನ ರೋಗಿಗೆ ಪ್ರಯಾಣದ ಖರ್ಚು, ಜೊತೆಗೆ ಬರುವವರ ಕೂಲಿ ನಷ್ಟ ತಪ್ಪದು. ಬಿಲ್ಲುಗಳು ಸಕಾಲದಲ್ಲಿ ಪಾವತಿಯಾಗದಿದ್ದರೆ ಸಣ್ಣ ಪಟ್ಟಣದ ಆಸ್ಪತ್ರೆಗಳು ದುಡಿಮೆ ಬಂಡವಾಳವಿಲ್ಲದೆ ಯೋಜನೆಯಿಂದ ಹಿಂದೆ ಸರಿಯುತ್ತವೆ. ಇವೆರಡನ್ನೂ ಆಯವ್ಯಯದಲ್ಲಿಯೇ ಪರಿಗಣಿಸಬೇಕು.

ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳು ಸಾಮಾನ್ಯವಾಗಿ ಇ.ಎಸ್.ಐ. ಕಡ್ಡಾಯ ವ್ಯಾಪ್ತಿಗೆ ಬರುವುದಿಲ್ಲ. ಅಂತಹ ವರ್ತಕರು ತಮ್ಮ ಗುಮಾಸ್ತರು ಹಾಗೂ ಹಮಾಲರು ಯಾವ ಯೋಜನೆಗೆ ಅರ್ಹರೆಂದು ವಿಚಾರಿಸಿ, ನೋಂದಣಿಗೆ ನೆರವಾಗುವುದು ಧರ್ಮಕಾರ್ಯವೂ ಹೌದು, ವ್ಯವಹಾರ ಜಾಣ್ಮೆಯೂ ಹೌದು.